ಫಿಸಿಕ್ಸಿನ ಮನೆ ನೋಡಲು ಹಾಲೆಂಡಿಗೆ ಹೋಗಿ ಬಂದದ್ದು

ಹೊರಡುವ ಮುನ್ನ: ಪಾಳ್ಯ

ನನ್ನ ಮೊಮ್ಮಗಳು ಸಹನಾ ಹಾಲೆಂಡ್ ದೇಶದಲ್ಲಿ ಫಿಸಿಕ್ಸ್ ಎಂಬ ವಿದ್ಯೆಯಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಈ ಮಾತನ್ನು ನಾನು ಪಾಳ್ಯದ ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಡೈರಿಯಲ್ಲಿ, ಕ್ಷೌರದಂಗಡಿಯಲ್ಲಿ, ಒಮ್ಮೆ ಹಾಸನದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದವರಿಗೂ ಹೇಳಿದ್ದೇನೆ. ಅವರು ಹಾಸನಕ್ಕೆ ಮುಂಚೆ ಆಲೂರಿನಲ್ಲೇ ಇಳಿದುಹೋದರು. ಅದಕ್ಕೇ ಈಗ ಬರೆದು ಹೇಳುತ್ತಿದ್ದೇನೆ, ಓದುವವರು ಇಳಿದುಹೋಗಲು ಆಗುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ, ಸಂತೋಷ ಮಾತ್ರ ಪೂರ್ತಿ ನನ್ನದು.

ಆದರೆ ನಾನು ಹೋದದ್ದು ಬರೀ ಸಂತೋಷಪಡುವುದಕ್ಕಲ್ಲ. ಸಹನಾಳ ತಂಗಿ ಬಿಂದು ಈ ವರ್ಷ ಸೆಕೆಂಡ್ ಪಿಯುಸಿ ಪಾಸಾದಳು. ಅಕ್ಕನ ಹಾಗೇ ತಾನೂ ಹಾಸನದಲ್ಲಿ ಬಿ.ಎಸ್ಸಿ. ಫಿಸಿಕ್ಸ್ ಸೇರಬೇಕೆಂದು ಹಟ ಹಿಡಿದಳು. ಈ ಇಬ್ಬರ ಅಪ್ಪ, ಅಂದರೆ ನನ್ನ ಮಗ ಲೋಕೇಶ, ನರ್ಸಿಂಗೇ ಆಗಬೇಕೆಂದ. ಹದಿನೈದು ದಿನ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ.

"ನರ್ಸಿಂಗ್ ಓದಿದ್ರೆ ನರ್ಸು. ಬಿ.ಎಡ್. ಮಾಡಿದ್ರೆ ಮೇಷ್ಟ್ರು. ಐ.ಟಿ.ಐ. ಮಾಡ್ದೋನು ಫಿಟ್ಟರ್ರು. ಫಿಸಿಕ್ಸ್ ಓದಿದ್ರೆ ಏನಮ್ಮ? ಒಂದ್ ಹೆಸ್ರು ಹೇಳು" ಎಂದ ಲೋಕೇಶ.

"ಫಿಸಿಸಿಸ್ಟ್" ಎಂದಳು ಬಿಂದು.

"ಆ ಹೆಸ್ರಿಂದು ಒಂದು ಬೋರ್ಡು ಹಾಸನದಾಗೆ ಎಲ್ಲೈತೆ ತೋರ್ಸು, ನಾಳೆನೇ ಸೇರುಸ್ತೀನಿ."

"ಅಕ್ಕ ಓದ್ತಾ ಇಲ್ವಾ?"

"ಓದ್ತಾವ್ಳೆ. ಓದ್ಮೇಲೆ ಏನು ಅಂತ ಕೇಳಿದ್ ತಕ್ಷಣ ಅವ್ಳ ನೆಟ್‌ವರ್ಕ್ ಹೋಗ್ಬುಡ್ತದೆ."

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಅದಕ್ಕೊಂದು ಕಾರಣವಿದೆ. ಪಾಳ್ಯ, ಮಗ್ಗೆ, ಕುಂದೂರು ಕಡೆ ಯಾರಾದರೂ ಹೆಣ್ಣು ಕೊಡುವುದಿದ್ದರೆ, ಗಂಡಿನ ಮನೆ ನೋಡಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ನಡುಮನೆಯಲ್ಲಿ ಕೂರುವವನಲ್ಲ. ಒಂದು ದಿನದ ಮಟ್ಟಿಗೆ ನಡುಮನೆಯನ್ನು ಯಾರು ಬೇಕಾದರೂ ಒಪ್ಪ ಮಾಡುತ್ತಾರೆ. ನಾನು ಹಿತ್ತಿಲಿಗೆ ಹೋಗಿ ತಿಪ್ಪೆ ನೋಡುತ್ತೇನೆ, ಕೊಟ್ಟಿಗೆಯಲ್ಲಿ ದನದ ಪಕ್ಕೆ ನೋಡುತ್ತೇನೆ, ಪಕ್ಕದ ಮನೆಯಲ್ಲಿ ನೀರು ಕೇಳುವ ನೆವದಲ್ಲಿ ಮಾತು ತೆಗೆಯುತ್ತೇನೆ, ವಯಸ್ಸಾದವರನ್ನು ಯಾವ ಮೂಲೆಯಲ್ಲಿ ಕೂರಿಸಿದ್ದಾರೆ ಎಂದು ಗಮನಿಸುತ್ತೇನೆ. ಮನಸ್ಸು ಒಪ್ಪುವ ತನಕ ಆ ಮನೆಯ ಸಿಹಿ ಬಾಯಿಗೆ ಹಾಕುವುದಿಲ್ಲ. ಹಾಕಿದೆನೋ, ಹೆಣ್ಣು ಕೊಟ್ಟ ಹಾಗೇ.

ಸಹನಾ ತನ್ನ ಕೊನೆಯ ಪರೀಕ್ಷೆ ನೋಡಲು ಬಾ ಎಂದು ನನಗೆ ಮೊದಲೇ ವೀಸಾ ಮಾಡಿಸಿದ್ದಳು. ಅದು ಎಲ್ಲರೂ ಕೂತು ನೋಡಬಹುದಾದ ಪರೀಕ್ಷೆಯಂತೆ.

"ಹೆಂಗೂ ಹೋಗ್ತಾ ಇದ್ದೀಯಲ್ಲಪ್ಪ" ಎಂದ ಲೋಕೇಶ. "ಆ ಫಿಸಿಕ್ಸಿನ ಮನೆ ನೋಡ್ಕಂಡ್ ಬಾ. ಕಾಲೇಜಿಗೆ ಫಾರಂ ಕೊಡಕ್ಕೆ ಬರೋ ಶುಕ್ರವಾರ ಕಡೇ ದಿನ, ಅವತ್ತು ಫೋನಲ್ಲೇ ಹೇಳ್ಬುಡು. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಬಿಂದು ನನ್ನ ಚೀಲಕ್ಕೆ ರಾಗಿಹಿಟ್ಟಿನ ಪೊಟ್ಟಣವನ್ನು ಮೂರು ಸಲ ಇಟ್ಟು ಮೂರು ಸಲ ತೆಗೆದು ಮತ್ತೆ ಇಟ್ಟಳು. ನನ್ನ ಹೆಂಡತಿ, ಹಸು ಕರೆಯುವವರಿಲ್ಲವೆಂದು ಬರಲೊಪ್ಪದವಳು, ಬಾಗಿಲಲ್ಲಿ ನಿಂತು ಹೇಳಿದ ಬುದ್ಧಿಮಾತು ಒಂದೇ: "ಹೊರದೇಶ ಕಣ್ರೀ. ಯಾರ್ ತಿಪ್ಪೆನೂ ಕೆದಕ್ಬೇಡಿ."

ಸೋಮವಾರ: ವಿಮಾನ ನಿಲ್ದಾಣಗಳು

ವಯಸ್ಸಾದವರು ದಾರಿ ತಪ್ಪಬಾರದೆಂದು ಸಹನಾ ನನಗೆ ಗಾಲಿಕುರ್ಚಿ ಬರೆಸಿದ್ದಳು. ಬೆಂಗಳೂರಿನಲ್ಲಿ ಕೂತೆ. ಯಾರಾದರೂ ನಮ್ಮೂರಿನವರು ನೋಡಿ, ನನಗೆ ಕಾಲು ಹೋಯಿತೆಂದು ಸುದ್ದಿ ಹಬ್ಬಿಸಿಯಾರೆಂದು ಟವೆಲನ್ನು ತಲೆ ಮೇಲೆ ಎಳೆದುಕೊಂಡೆ. ಹಾಲೆಂಡಿನಲ್ಲಿ ಕುರ್ಚಿ ತಂದವರು ನನಗಿಂತ ಸ್ವಲ್ಪವೇ ಚಿಕ್ಕವರು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದರು. ಅವರು ತಳ್ಳುವುದು, ನಾನು ಕೂರುವುದು ಮನಸ್ಸಿಗೆ ಬರಲಿಲ್ಲ. ಚೀಲಗಳನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಒಂದೊಂದು ಹಿಡಿ ಹಿಡಿದು ತಳ್ಳಿದೆವು. ರಾಗಿಹಿಟ್ಟು ಮಹಾರಾಜನಂತೆ ಹೊರಬಂತು. ಸಹನಾ ಓಡಿ ಬಂದು ತಬ್ಬಿಕೊಂಡಳು. ಅಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಪ್ರಯೋಜನವಾಗಲಿಲ್ಲ.

ಮಂಗಳವಾರ: ಪರದೆಯಿಲ್ಲದ ಊರು

ಆ ದೇಶದಲ್ಲಿ ಒಂದು ದಿಣ್ಣೆಯೂ ಇಲ್ಲ. ಸಕಲೇಶಪುರದ ಗುಡ್ಡ ನೋಡಿ ಬೆಳೆದ ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ, ನೋಟ ಜಾರಿಕೊಂಡು ಹೋಗುತ್ತಲೇ ಇರುತ್ತದೆ. ರೈಲಿನ ಕಿಟಕಿಯಲ್ಲಿ ಕಪ್ಪು ಬಿಳುಪಿನ ಹಸುಗಳು ಕಂಡವು. ನಮ್ಮ ಕೊಟ್ಟಿಗೆಯ ಎಚ್.ಎಫ್. ಹಸುವಿನ ತವರು ಇದೇ ಸೀಮೆಯಂತೆ. ನಾನು ಬೀಗರನ್ನು ಕಂಡವನಂತೆ ಎದ್ದು ನಿಂತೆ. ಹಸುಗಳ ಪಕ್ಕೆ ತುಂಬಿಕೊಂಡಿದ್ದವು. ಲಕ್ಷಣ ಒಳ್ಳೆಯದೇ.

ಇನ್ನು ಅಲ್ಲಿನ ಮನೆಗಳು. ಬೀದಿ ಕಡೆ ಆಳೆತ್ತರದ ಕಿಟಕಿ, ಪರದೆಯೇ ಹಾಕುವುದಿಲ್ಲ! ಊಟ ಮಾಡುವವರು, ಬಟ್ಟೆ ಮಡಿಸುವವರು, ಮಕ್ಕಳಿಗೆ ಗದರುವವರು ಎಲ್ಲ ಬೀದಿಗೆ ಕಾಣುತ್ತಾರೆ. ಮನೆ ನೋಡುವುದನ್ನೇ ಕಸುಬು ಮಾಡಿಕೊಂಡವನಿಗೆ ಇದು ಸ್ವರ್ಗ. ನಾನು ಪ್ರತಿ ಕಿಟಕಿಯ ಮುಂದೆಯೂ ನಿಂತು ನೋಡುತ್ತಿದ್ದರೆ ಸಹನಾ ತೋಳು ಹಿಡಿದು ಎಳೆದಳು.

"ತಾತ, ಹಂಗೆಲ್ಲ ನಿಂತ್ಕಂಡು ನೋಡ್ಬಾರ್ದು."

"ಪರದೆ ಹಾಕಿಲ್ವಲ್ಲವ್ವ."

"ಹಾಕಿಲ್ಲ ಅಂದ್ರೆ ನೋಡ್ಲಿ ಅಂತಲ್ಲ. ಯಾರೂ ನೋಡಲ್ಲ ಅಂತ ನಂಬ್ಕೆ."

ನಮ್ಮಲ್ಲಿ ಎರಡು ಪರದೆ ಹಾಕಿದರೂ ಆ ನಂಬಿಕೆಯಿಲ್ಲ.

ಸಹನಾ ಬಾಡಿಗೆಗಿದ್ದ ಮನೆಯ ಯಜಮಾನಿ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬ ಚಾಚಿದರು. ಈ ಮನೆಗೂ ನಮಗೂ ಸಂಬಂಧ ಬೆಳೆಸುವುದಿಲ್ಲವಲ್ಲ, ಸಿಹಿ ತಿಂದರೆ ತೊಂದರೆಯಿಲ್ಲವೆಂದು ಒಂದು ತೆಗೆದುಕೊಂಡೆ. ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಡಬ್ಬದ ಮುಚ್ಚಳ ಬಿತ್ತು. ಅವರಲ್ಲಿ ಕಾಫಿಗೆ ಒಂದೇ ಬಿಸ್ಕತ್ತಂತೆ. ನಮ್ಮಲ್ಲಿ ಬೇಡ ಬೇಡ ಎಂದರೂ ಎಲೆಗೆ ಬಡಿಸಿ, ಕೈ ಅಡ್ಡ ಹಿಡಿದರೆ ಕೈ ಮೇಲೇ ಬಡಿಸುತ್ತಾರೆ. ಈ ಒಂದು ಬಿಸ್ಕತ್ತಿನ ದೇಶದಲ್ಲಿ ಮೊಮ್ಮಗಳು ಎರಡು ವರ್ಷ ಹೇಗೆ ಬದುಕಿದಳೋ!

ಬುಧವಾರ: ಫಿಸಿಕ್ಸಿನ ಹಿತ್ತಿಲು

ಸಹನಾ ನನ್ನನ್ನು ತನ್ನ ಫಿಸಿಕ್ಸ್ ಕಟ್ಟಡದ ದೊಡ್ಡ ಬಾಗಿಲಿಂದ ಒಳಗೆ ಕರೆದೊಯ್ದಳು. ಗೋಡೆಯ ತುಂಬ ಮೀಸೆ ಬಿಟ್ಟ ಹಿರಿಯರ ಫೋಟೋಗಳು. ದೊಡ್ಡ ದೊಡ್ಡ ಬಹುಮಾನ ಪಡೆದವರೆಂದಳು. ಗೋಡೆ ಮೇಲೆ ಹಿರಿಯರಿರುವುದು ಒಳ್ಳೆಯದೇ. ಆದರೆ ತಾತನ ಫೋಟೋಗೆ ಗಂಧದ ಹಾರ ಹಾಕಿ ಮೊಮ್ಮಗ ಇಸ್ಪೀಟಾಡುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

"ಇದು ನಡುಮನೆ. ಹಿತ್ತಿಲು ಎಲ್ಲೈತೆ?" ಎಂದೆ.

ಹಿತ್ತಿಲಲ್ಲಿ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಆಳೆತ್ತರದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಪಕ್ಕದ ವರ್ಕ್‌ಶಾಪಿನಲ್ಲಿ ಯಾನ್ ಎಂಬ ದಪ್ಪ ಆಸಾಮಿ ಹಿತ್ತಾಳೆ ಕಡೆಯುತ್ತಿದ್ದರು. ಫಿಸಿಕ್ಸಿನವರು ಬರೆದು ತಂದ ಚಿತ್ರಗಳನ್ನು ವಸ್ತು ಮಾಡಿಕೊಡುವವರು ಅವರೇ. ಮನೆಯ ಗುಟ್ಟು ಯಜಮಾನನಿಗಿಂತ ಆಳುಮಗನಿಗೇ ಹೆಚ್ಚು ಗೊತ್ತಿರುತ್ತದೆ. ಅಲ್ಲೇ ಸ್ಟೂಲು ಎಳೆದು ಕೂತೆ. ನಾನು ಕೇಳಿದ್ದನ್ನು ಸಹನಾ ಇಂಗ್ಲಿಷ್ ಮಾಡಿ, ಅವರು ಹೇಳಿದ್ದನ್ನು ಕನ್ನಡ ಮಾಡಿ ಕೊಟ್ಟಳು.

"ಇಲ್ಲಿ ಓದ್ದೋರು ಆಮೇಲೆ ಏನಾಗ್ತಾರೆ ಅಂತ ಕೇಳವ್ವ."

ಯಾನ್ ಬೆರಳು ಮಡಚುತ್ತ ಹೋದರು. ಒಬ್ಬಳು ದೊಡ್ಡಾಸ್ಪತ್ರೆಯಲ್ಲಿ ಗಡ್ಡೆಗೆ ಕಿರಣ ಎಷ್ಟು ಬಿಡಬೇಕೆಂದು ಅಳೆದುಕೊಡುತ್ತಾಳೆ, ಅವಳು ಹೇಳದೆ ಡಾಕ್ಟರು ಗುಂಡಿ ಒತ್ತುವಂತಿಲ್ಲ. ಒಬ್ಬ ಸಮುದ್ರ ಉಕ್ಕುವ ಲೆಕ್ಕ ಹಾಕುತ್ತಾನೆ, ಈ ದೇಶದ ಕಾಲು ಭಾಗ ಸಮುದ್ರಕ್ಕಿಂತ ತಗ್ಗಿನಲ್ಲಿರುವುದರಿಂದ ಅವನ ಕೆಲಸಕ್ಕೆ ಕುತ್ತಿಲ್ಲ. ಮೊಬೈಲಿನೊಳಗಿನ ಚಿಪ್ಪು ಮಾಡುವ ಯಂತ್ರದ ಕಂಪನಿಗೆ ಗುಂಪುಗುಂಪಾಗಿ ಹೋಗಿದ್ದಾರೆ. ಇಬ್ಬರು ಸ್ಕೂಲು ಮೇಷ್ಟ್ರು. ಒಬ್ಬ ಬ್ಯಾಂಕು ಸೇರಿ ಇವರ ಮುಖ ನೋಡುವುದನ್ನೇ ಬಿಟ್ಟಿದ್ದಾನೆ. ಇನ್ನೊಬ್ಬ ಬೇಕರಿ ಇಟ್ಟ.

"ಬೇಕರೀನಾ? ಫಿಸಿಕ್ಸ್ ಓದ್ಕಂಡಾ?"

ಸಹನಾ ಕೇಳಿ ಹೇಳಿದಳು: "ಬ್ರೆಡ್ ಭಾಳ ಚೆನ್ನಾಗೈತಂತೆ ತಾತ. ಪ್ರತಿ ಸಲ ಒಂದೇ ಥರ ಬರ್ತದಂತೆ."

ಇದು ನನ್ನ ಲೆಕ್ಕವನ್ನೆಲ್ಲ ಕಲಸಿಬಿಟ್ಟಿತು. ಲೋಕೇಶ ಕೇಳಿದ್ದು ಒಂದು ಹೆಸರು. ಇಲ್ಲಿ ನೋಡಿದರೆ ಒಂದೇ ಗಿಡದಲ್ಲಿ ಹಲಸು, ಸೀಬೆ, ಮೆಣಸು ಎಲ್ಲ ಬಿಟ್ಟಿದೆ.

ಪಕ್ಕದ ಮನೆಯವರನ್ನು ವಿಚಾರಿಸಬೇಕಲ್ಲ. ಎದುರು ಕಟ್ಟಡ ಕೆಮಿಸ್ಟ್ರಿಯವರದು. ಬಿಳಿ ಕೋಟು ಹಾಕಿದ ಹೆಂಗಸೊಬ್ಬರು ಹೊರಗೆ ಬೆಂಚಿನಲ್ಲಿ ಕೂತಿದ್ದರು. ಪದ್ಧತಿಯಂತೆ ಕುಡಿಯಲು ನೀರು ಕೇಳಿದೆ. ಅವರು ಗಾಬರಿಯಾಗಿ, ನಮ್ಮ ಕಟ್ಟಡದಲ್ಲಿ ಪಾತ್ರೆಯಲ್ಲಿರುವ ಯಾವುದನ್ನೂ ಕುಡಿಯಬೇಡಿ ಎಂದು ಎರಡು ಕೈಯೆತ್ತಿ ಹೇಳಿ, ತಮ್ಮ ಬಾಟಲಿಯನ್ನೇ ಕೊಟ್ಟರು.

"ಈ ಫಿಸಿಕ್ಸಿನೋರು ಹೆಂಗೆ?"

"ಒಳ್ಳೇರೇ ಅಂತೆ" ಎಂದಳು ಸಹನಾ. "ಜಗಳ ಇಲ್ಲ, ಗಲಾಟೆ ಇಲ್ಲ. ಸಾಮಾನು ಇಸ್ಕಂಡ್ ಹೋದ್ರೆ ವಾಪಸ್ ಕೊಡ್ತಾರಂತೆ." ಆಮೇಲೆ ಮುಖ ಗಂಟಿಕ್ಕಿದಳು. "ಸ್ವಲ್ಪ ಜಂಬ ಅಂತೆ. ಮಿಕ್ಕೋರೆಲ್ಲ ಅಡುಗೆ ಮಾಡೋರು ಅಂದ್ಕಂಡವ್ರಂತೆ. ಇದು ಸುಳ್ಳು ತಾತ."

ನೆರೆಯವರ ಬಾಯಲ್ಲಿ ಇಷ್ಟೇ ದೂರು ಬಂದರೆ ಅದು ಚಿನ್ನದಂಥ ಮನೆ.

ವಯಸ್ಸಾದವರು ಮೇಲಿನ ಮಹಡಿಯಲ್ಲಿದ್ದರು. ರಿಟೈರಾಗಿ ಎಷ್ಟೋ ವರ್ಷವಾದ ಪ್ರೊಫೆಸರು, ಬೆನ್ನು ಬಾಗಿದೆ, ದಿನಾ ಬರುತ್ತಾರೆ. ಕಿಟಕಿ ಪಕ್ಕ ಒಂದು ಮೇಜನ್ನು ಅವರಿಗೆಂದೇ ಬಿಟ್ಟಿದ್ದಾರೆ. ನಾವು ಹೋದಾಗ ಇಬ್ಬರು ಹುಡುಗಿಯರು ಅವರ ಮುಂದೆ ಕಾಗದ ಹರಡಿಕೊಂಡು ಏನೋ ಕೇಳಿಸಿಕೊಳ್ಳುತ್ತಿದ್ದರು. ಅವರಿಗೂ ನನಗೂ ಭಾಷೆಯಿಲ್ಲ. ಅವರು ಚಳಿಗೆ ಹೊಗೆಯಾಡುವ ಒಂದು ತಟ್ಟೆ ತರಿಸಿ, ಅದರಲ್ಲಿದ್ದ ಕರೀ ಬಿಲ್ಲೆಯ ಮೇಲೆ ಸಣ್ಣ ಅಯಸ್ಕಾಂತ ಬಿಟ್ಟರು. ಅದು ಕೆಳಗೆ ಬೀಳಲಿಲ್ಲ. ಗಾಳಿಯಲ್ಲೇ ನಿಂತಿತು. ನಾನು ದಾರ ಇರಬಹುದೆಂದು ಮೇಲೆ ಕೈಯಾಡಿಸಿದೆ. ಅವರು ಕೆಳಗೆ ಕಾಗದ ತೂರಿಸಿದರು. ನಾನು ಟವೆಲಿನ ಅಂಚು ತೂರಿಸಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಆಟವನ್ನು ಅವರು ಎಷ್ಟು ಸಾವಿರ ಸಲ ಆಡಿರುತ್ತಾರೋ, ನಗು ಮಾತ್ರ ಆವತ್ತೇ ಮೊದಲು ಕಂಡವರ ಹಾಗಿತ್ತು.

ಸಹನಾಳ ಯಂತ್ರವೂ ಅಂಥದೇ. ಎಷ್ಟೋ ಕೊಳವೆ ಸುತ್ತಿದ ಹಂಡೆಯೊಳಗೆ ಒಂದು ಚೂರು ಲೋಹ ಇಟ್ಟು, ಲೋಕದಲ್ಲಿ ಎಲ್ಲೂ ಇಲ್ಲದಷ್ಟು ಚಳಿ ಮಾಡಿದರೆ, ಅದರಲ್ಲಿ ಕರೆಂಟು ಒಂದಿಷ್ಟೂ ನಷ್ಟವಾಗದೆ ಓಡುತ್ತದಂತೆ.

"ಇದನ್ನ ನಮ್ ಪಂಪ್‌ಸೆಟ್ಟಿನ ಲೈನಿಗೆ ಹಾಕ್ಬೋದಾ?" ಎಂದೆ.

"ಹಾಕ್ಬೋದು ತಾತ. ಪಾಳ್ಯದಿಂದ ನಮ್ ಗದ್ದೆ ತಂಕ ಇಷ್ಟೇ ಚಳಿ ಮಾಡ್ಬೇಕು."

"ನೀರೇ ಗಡ್ಡೆ ಕಟ್ಬುಡ್ತದಲ್ಲ."

"ನೀರೊಂದೇ ಅಲ್ಲ, ಗಾಳಿನೂ."

ಗುರುವಾರ: ಕೇಕು

ಪರೀಕ್ಷೆ ಅರ್ಧ ಗಂಟೆ. ಸಹನಾ ನನ್ನ ಹೆಂಡತಿ ಕಳಿಸಿದ ಹಸಿರು ಸೀರೆ ಉಟ್ಟು ಗೋಡೆಗೆ ಚಿತ್ರ ಬಿಟ್ಟು ಮಾತಾಡಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಒಂದಕ್ಷರ ಬಿಡದೆ ಕೇಳಿದೆ. ಕೊನೆಗೆ ಚಪ್ಪಾಳೆ. ನಾನು ಎಲ್ಲರಿಗಿಂತ ಮೊದಲು ಶುರು ಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದೆ.

ಆಮೇಲೆ ಒಂದು ವಿಚಿತ್ರ ನಡೆಯಿತು. ಅಲ್ಲಿದ್ದವರೆಲ್ಲ ಸಾಲಾಗಿ ನನ್ನ ಹತ್ತಿರ ಬಂದು ನನ್ನ ಕೈ ಕುಲುಕತೊಡಗಿದರು. ಅಲ್ಲಿ ಯಾರಿಗಾದರೂ ಶುಭವಾದರೆ ಅವರ ಮನೆಯವರಿಗೆಲ್ಲ ಅಭಿನಂದನೆ ಹೇಳುತ್ತಾರಂತೆ. ಎಂಥ ಒಳ್ಳೆಯ ಪದ್ಧತಿ! ನಮ್ಮಲ್ಲಿ ಮಗು ಪಾಸಾದರೆ ಮಗುವಿಗೆ ಪೇಡ, ಮನೆಯವರಿಗೆ ಬರೀ ಪ್ರಶ್ನೆ: "ಮುಂದೇನು?"

ಸಹನಾಳ ಪ್ರೊಫೆಸರು, ಬಿದಿರಿನ ಹಾಗೆ ಎತ್ತರದವರು, ತಟ್ಟೆಯಲ್ಲಿ ಕೇಕು ಹಿಡಿದು ಬಂದರು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ತಗೋ ತಾತ."

"ಇನ್ನೂ ಒಪ್ಪಿಗೆ ಆಗಿಲ್ಲ ಕಣವ್ವ."

ಸಹನಾ ಕೆಂಪಗಾದಳು. ವಿಧಿಯಿಲ್ಲದೆ ಅವರಿಗೆ ವಿಷಯ ಹೇಳಿದಳು: ತಂಗಿ ಇದ್ದಾಳೆ, ತಾತ ಮನೆ ನೋಡಲು ಬಂದಿದ್ದಾರೆ, ಒಪ್ಪದೆ ಸಿಹಿ ಮುಟ್ಟುವುದಿಲ್ಲ. ಪ್ರೊಫೆಸರು ನಗಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು, ಕುರ್ಚಿ ಎಳೆದು ನನ್ನೆದುರು ಗಂಡಿನ ಅಪ್ಪನ ಹಾಗೇ ಮೊಣಕಾಲು ಜೋಡಿಸಿ ಕೂತರು.

"ನಮ್ ಹುಡುಗೀನ ಕೊಟ್ರೆ ಕೊನೇ ತಂಕ ಅನ್ನಕ್ಕೆ ದಾರಿ ಐತಾ ಅಂತ ಕೇಳು."

"ಮಾತು ಕೊಡಕ್ಕಾಗಲ್ಲ ಅಂತಾವ್ರೆ ತಾತ. ಇಲ್ಲೇ ಉಳ್ಕಂಡು ಪ್ರೊಫೆಸರ್ ಆಗೋರು ಕಮ್ಮಿಯಂತೆ. ಮಿಕ್ಕೋರು ಎಲ್ಲೆಲ್ಲೋ ಹೋಗ್ತಾರೆ, ಉಪವಾಸ ಬಿದ್ದೋರು ಯಾರೂ ಇಲ್ವಂತೆ. ಆದ್ರೆ ಓದೋವಾಗ ಯಾರ್ಗೂ ಗೊತ್ತಿರಲ್ವಂತೆ ಎಲ್ಲಿಗೆ ಅಂತ."

"ಇವರ್ಗೆ ಮಗಳಿದ್ರೆ ಈ ಮನೆಗೆ ಕೊಡ್ತಿದ್ರಾ?"

ಇದು ನನ್ನ ಕೊನೆಯ ಪ್ರಶ್ನೆ. ಇದಕ್ಕೆ ತಡವರಿಸದವರನ್ನು ನಾನು ಕಂಡಿಲ್ಲ. ಅವರು ತಡವರಿಸಲಿಲ್ಲ.

"ಮಗಳು ಒಬ್ಳು ಅವ್ಳಂತೆ. ಲಾಯರ್ ಓದಿದ್ಳಂತೆ. ಊಟಕ್ಕೆ ಕರೆದ್ರೂ ಕೇಳ್ಸದೇ ಇರೋರು ಮನೇಗೆ ಒಬ್ರು ಸಾಕು ಅಂದ್ಳಂತೆ."

ತನ್ನ ಮನೆಯ ಹುಳುಕನ್ನು ತಾನೇ ಎತ್ತಿ ತೋರಿಸಿದ ಬೀಗರು ನನ್ನ ಜೀವನದಲ್ಲಿ ಇವರೊಬ್ಬರೇ. ನಾನು ಕೈ ಚಾಚಿ ಕೇಕು ತೆಗೆದುಕೊಂಡು ತಿಂದೆ. ಎರಡನೇ ತುಂಡನ್ನೂ ಕೊಟ್ಟರು!

ಅದೇ ಸಂಜೆ: ಮುದ್ದೆ

ಎಂಟು ಗಂಟೆಯಾದರೂ ಅಲ್ಲಿ ಬಿಸಿಲು. ಸಹನಾ ಮುದ್ದೆ ತಿರುವಿ, ಅಲ್ಲಿ ಸಿಕ್ಕಿದ ಸೊಪ್ಪಿನಲ್ಲಿ ಸಾರು ಮಾಡಿದ್ದಳು. ನಾನು ಎರಡು ಮುದ್ದೆ ಉಂಡೆ. ಅವಳು ಒಂದನ್ನೇ ಮುರಿಯುತ್ತ ಕೂತಿದ್ದಳು.

"ನಾಳೆ ನಿಮ್ಮಪ್ಪಂಗೆ ಹೂಂ ಅಂತೀನಿ. ಇನ್ನು ನಿನ್ ಕೆಲಸದ್ದು ಹೇಳು. ಯಾವತ್ತಿಂದ?"

"ಆಗ್ತದೆ ತಾತ, ಎಲ್ಲ ಆಗ್ತದೆ, ಇನ್ನೊಂದು ಸ್ವಲ್ಪ ಮುದ್ದೆ ಹಾಕ್ಲಾ, ಸಾರು ಐತೆ..."

ಗಂಡಿನ ಮನೆಯಲ್ಲಿ ಇಷ್ಟು ಬೇಗ ಬೇಗ ಮಾತಾಡಿದರೆ ನಾನು ನೇರ ಕೊಟ್ಟಿಗೆಗೆ ನಡೆಯುವುದು.

"ಸಹನಾ. ಇದು ಫೋನಲ್ಲ. ನೆಟ್‌ವರ್ಕ್ ಹೋಗಲ್ಲ."

ಅವಳು ಕೈ ತೊಳೆದು ಬಂದು ಹೇಳಿದಳು. ಮುಂದೆ ಪಿಎಚ್.ಡಿ.ಗೆ, ಕಂಪನಿಗಳಿಗೆ, ಒಟ್ಟು ಒಂಬತ್ತು ಕಡೆ ಬರೆದಿದ್ದಳು. ಒಂಬತ್ತು ಕಡೆಯೂ ಬೇಡ ಎಂದಿದ್ದರು.

"ಅಪ್ಪಂಗೆ ಹೇಳಿದ್ರೆ ಬಿಂದು ಫಾರಂ ಹರ್ದಾಕ್ತಾರೆ. ಅದಕ್ಕೆ ಹೇಳಿಲ್ಲ. ನೀನೂ ಹೇಳ್ಬೇಡ ತಾತ. ಸಾವಿರ ಸುಳ್ಳು ಹೇಳಿ ಒಂದ್ ಮದ್ವೆ ಮಾಡು ಅಂತಾರಲ್ಲ. ಇದೊಂದೇ ಅಲ್ವಾ?"

ಹೂವು ಮುಡಿಸಿಯಾದ ಮೇಲೆ ಗಂಡಿನ ಮನೆಯ ಬಾವಿ ಬತ್ತಿದ್ದು ಗೊತ್ತಾದ ಹಾಗಾಯಿತು. ಕೇಕು ಹೊಟ್ಟೆಯಲ್ಲಿತ್ತು, ಅದೂ ಎರಡು ತುಂಡು. ಒಂಬತ್ತು ಎಂದು ಹೇಳಿದರೆ ಬಿಂದುವಿನ ಆಸೆ ಮುಗಿಯುತ್ತದೆ. ಹೇಳದಿದ್ದರೆ, ನಾಳೆ ಅವಳೂ ಯಾವುದೋ ಊರಿನಲ್ಲಿ ಹೀಗೇ ಒಬ್ಬಳೇ ಕೂತು ಮುದ್ದೆ ಮುರಿಯುತ್ತಾಳೆ, ಯಾರಿಗೂ ಹೇಳದೆ. ನನಗೆ ಎರಡನೆಯದೇ ಹೆಚ್ಚು ಸಂಕಟವಾಯಿತು.

"ಈಗೇನ್ ಮಾಡ್ತಿದ್ದೀಯ?"

"ಹತ್ತನೇದಕ್ಕೆ ಬರೀತಾ ಇದ್ದೀನಿ."

"ಬರಿ" ಎಂದೆ. "ಸುಳ್ಳು ಮಾತ್ರ ನನ್ ಕೈಲಾಗಲ್ಲ."

ಅವಳು ಎದ್ದು ಪಾತ್ರೆ ತೊಳೆದಳು. ಆ ದೇಶಕ್ಕೆ ಹೋದ ಮೇಲೆ ನನ್ನ ಸಂತೋಷ ಸ್ವಲ್ಪ ಕೆಳಗಿಳಿದದ್ದು ಆ ಒಂದು ಗಂಟೆ ಮಾತ್ರ.

ಶುಕ್ರವಾರ: ಫೋನು

ನಾವು ಬೆಳಿಗ್ಗೆಯೇ ಫೋನು ಹಚ್ಚಿದೆವು. ಪಾಳ್ಯದಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಲೋಕೇಶ, ಅವನ ಹೆಂಡತಿ ಸುಮ, ಬಿಂದು ಮೂವರೂ ಫೋನಿನ ಸುತ್ತ ಕೂತಿದ್ದರು. ನಾನು ನೋಡಿದ್ದನ್ನೆಲ್ಲ ನೋಡಿದ ಹಾಗೇ ಹೇಳಿದೆ. ಆಸ್ಪತ್ರೆ, ಸಮುದ್ರ, ಬೇಕರಿ, ಸಹನಾಳ ಚಳಿಯ ಹಂಡೆ. ಆಮೇಲೆ ಒಂಬತ್ತು.

"ಒಂಬತ್ತಾ?" ಲೋಕೇಶನ ದನಿ ಬಿತ್ತು. "ಅಷ್ಟು ಓದಿದೋಳ್ನ ಒಂಬತ್ತು ಕಡೆ ಬೇಡ ಅಂದವ್ರೆ, ನೀನು ಇವಳ್ನೂ ಅದೇ ಗುಂಡಿಗೆ ಹಾಕು ಅಂತೀಯಾ ಅಪ್ಪ?"

"ಬಿಂದು ಕೈಗೆ ಕೊಡು ಫೋನು."

ಎಷ್ಟೋ ಮನೆ ನೋಡಿದ್ದೇನೆ. ಹೂಂ ಎಂದಿದ್ದೇನೆ, ಊಹೂಂ ಎಂದಿದ್ದೇನೆ. ಹುಡುಗಿಯನ್ನು ಕೇಳಿದ್ದು ಮಾತ್ರ ಅದೇ ಮೊದಲು.

"ಕೇಳಿಸ್ಕಂಡ್ಯಾ ಬಿಂದು? ಒಳ್ಳೇ ಮನೆ. ಆದ್ರೆ ಮುಂದಿನ ದಾರಿ ಯಾರ್ಗೂ ಕಾಣಲ್ಲ. ಹೋಗ್ತೀಯಾ?"

ಅವಳು ಒಂಬತ್ತರ ಮಾತೇ ಎತ್ತಲಿಲ್ಲ. "ತಾತ, ಅಷ್ಟು ಚಳಿ ಮಾಡಿ ಅಳೀತಾರಲ್ಲ, ಅಳೆಯಕ್ಕೆ ಇಟ್ಟ ಕಡ್ಡಿನೇ ಅದನ್ನ ಬೆಚ್ಚಗೆ ಮಾಡ್ಬುಡಲ್ವಾ?"

ನಾನು ಸಹನಾಳ ಮುಖ ನೋಡಿದೆ. ಅವಳು ಫೋನು ಕಿತ್ತುಕೊಂಡಳು. "ಲೇ! ನಾಲ್ಕ್ ತಿಂಗ್ಳು ಅದಕ್ಕೇ ಹೋಗಿದ್ದು ಕಣೇ ನಂದು!" ಆಮೇಲೆ ಇಬ್ಬರೂ ನನಗೆ ತಿಳಿಯದ ಮಾತಾಡತೊಡಗಿದರು. ರಾತ್ರಿಯಿಂದ ಬಾಡಿದ್ದ ಮುಖ ಅರಳಿತು. ನಾನು ಈ ಕಡೆ, ಲೋಕೇಶ ಆ ಕಡೆ, ಕಾಯುತ್ತ ಕೂತಿದ್ದೆವು. ಕೊನೆಗೊಮ್ಮೆ ನನಗೆ ಫೋನು ಸಿಕ್ಕಿತು.

"ನೋಡಿದ್ಯೇನೋ?"

"ನೋಡ್ದೆ. ಆದ್ರೂ ಒಂಬತ್ತು ಅಪ್ಪ..."

"ಒಂಬತ್ತಕ್ಕೇ ಹಿಂಗಾಡ್ತೀಯಲ್ಲೋ! ನಿಂಗೆ ಹನ್ನೊಂದು ಮನೆಯೋರು ಹೆಣ್ಣು ಕೊಡಲ್ಲ ಅಂದಿದ್ರು. ಬುಟ್ಟಿದ್ನಾ ನಾನು? ಹನ್ನೆರಡನೇ ಮನೆಗೆ ಹೋದೆ. ಈಗ ಚೆನ್ನಾಗಿಲ್ವಾ ನೀನು?"

ಆ ಕಡೆಯಿಂದ ಸೊಸೆಯ ದನಿ, ಮೆಲ್ಲಗೆ: "ಹನ್ನೊಂದಾ ಮಾವ? ನಮ್ಮನೇಲಿ ಮೂರು ಅಂತ ಹೇಳಿದ್ರಲ್ಲ?"

ಮೂರು ಎಂದು ಹೇಳಿದವನು ನಾನೇ. ಸೊಸೆಯ ತಂದೆಯ ಜಗುಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು ಹೇಳಿದ್ದೆ. ಇಪ್ಪತ್ತೈದು ವರ್ಷ ನೆನಪಾಗದೇ ಇದ್ದದ್ದು ಆಗಲೇ ನೆನಪಾಯಿತು. ಸಹನಾ ನನ್ನ ಮುಖ ನೋಡಿ, ಸೆರಗಿಲ್ಲದ ಕಾರಣ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡಳು.

"ನೆಟ್‌ವರ್ಕ್ ಸರಿಯಿಲ್ಲ ಕಣಮ್ಮ ಸುಮ" ಎಂದೆ.

"ನಂಗೆ ಚೆನ್ನಾಗಿ ಕೇಳುಸ್ತೈತೆ ಮಾವ. ಯಾವ್ಯಾವ ಮನೆ? ಮಗ್ಗೆಯೋರೂ ಸೇರಿ ಹನ್ನೊಂದೋ, ಅವರ್ನ ಬಿಟ್ಟು ಹನ್ನೊಂದೋ?"

ಕುರ್ಚಿ ಎಳೆದ ಸದ್ದು, ಪಾತ್ರೆಯ ಸದ್ದು, ಲೋಕೇಶ ಗಟ್ಟಿಯಾಗಿ ಕೆಮ್ಮಿದ ಸದ್ದು ಬಂತು. ಅವನು ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ. ಆಮೇಲೆ ಬಿಂದು ಫೋನು ಹಿಡಿದು ಪಿಸುಗುಟ್ಟಿದಳು.

"ತಾತ, ಅಪ್ಪ ಫಾರಂ ತಗಂಡು ಸೈನ್ ಹಾಕ್ತಾವ್ರೆ. ಪೆನ್ನು ಎಲ್ಲಿ ಅಂತ ಅವರೇ ಹುಡುಕಿದ್ರು. ಈಗ್ಲೇ ಹಾಸನಕ್ಕೆ ಹೋಗಿ ಕೊಟ್ ಬರ್ತಾರಂತೆ, ಬಸ್ಸಿಗೂ ಕಾಯಲ್ವಂತೆ, ಬೈಕಲ್ಲೇ ಹೊಂಟವ್ರೆ."

"ನಿಮ್ಮಮ್ಮ?"

"ಹಿಂದ್ಗಡೆ ಸೀಟಲ್ಲಿ ಕೂತವ್ಳೆ. ದಾರೀಲಿ ಅಪ್ಪ ಹನ್ನೊಂದೂ ಹೇಳ್ಬೇಕಂತೆ."